ವೃತ್ತಿಯಲ್ಲಿ ಗುರಿ, ದುಡಿಮೆಯಲ್ಲಿ ನೆಮ್ಮದಿ

ಉದ್ಯೋಗ ದೊರೆಯುವುದು ಒಂದು ಘಟ್ಟ. ದೊರೆತ ಉದ್ಯೋಗದಲ್ಲಿ ನೆಲೆ ನಿಲ್ಲುವುದು ಇನ್ನೊಂದು ಘಟ್ಟ. ಮೊದಲನೆಯದಕ್ಕಾಗಿ ನಮ್ಮ ಯುವಜನರೂ ಅವರ ತಂದೆತಾಯಿಗಳೂ ವರ್ಷಗಟ್ಟಲೆ ಶ್ರಮಿಸುತ್ತಾರೆ. ಅರ್ಜಿ, ಪರೀಕ್ಷೆ, ಸಂದರ್ಶನ, ನೇಮಕಾತಿ ಆದೇಶ ಇವುಗಳನ್ನು ಕುರಿತು ಮನೆಯಲ್ಲಿ ನಡೆಯುವಷ್ಟು ಮಾತುಕತೆ ಎರಡನೆಯ ಘಟ್ಟವನ್ನು ಕುರಿತು ನಡೆಯುವುದಿಲ್ಲ. ನೇಮಕಾತಿ ಆದೇಶ ಕೈಸೇರಿದ ದಿನ ಸಿಹಿ ಹಂಚಿದ ಮನೆಯಲ್ಲಿಯೇ, ಆರು ತಿಂಗಳು ಕಳೆಯುವಷ್ಟರಲ್ಲಿ, "ಈ ಕೆಲಸ ನನ್ನಿಂದಾಗದು, ಬಿಟ್ಟು ಬರುತ್ತೇನೆ" ಎಂಬ ಮಾತು ಕೇಳಿಬರುವುದು ಅಪರೂಪವಲ್ಲ.

ಹೀಗೆ ಕೆಲಸ ಬಿಟ್ಟವರೆಲ್ಲ ಸೋಮಾರಿಗಳೂ ಅಲ್ಲ, ಅಯೋಗ್ಯರೂ ಅಲ್ಲ. ಅವರಲ್ಲಿ ಅನೇಕರು ಕೆಲಸದಿಂದ ತಮಗೆ ಬೇಕಾದುದೇನು, ಅದನ್ನು ಯಾವ ಕ್ರಮದಲ್ಲಿ ಸಾಧಿಸಬಹುದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳದೆ ದುಡಿಮೆಗೆ ಕಾಲಿಟ್ಟವರು. ವೃತ್ತಿಜೀವನಕ್ಕೆ ಗುರಿಯನ್ನು ಗೊತ್ತುಪಡಿಸಿಕೊಳ್ಳುವುದಕ್ಕೂ ದುಡಿಮೆಯ ಬದುಕಿಗೆ ಹೊಂದಿಕೊಳ್ಳುವುದಕ್ಕೂ ಇರುವ ಸಂಬಂಧವನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಎಂತಹ ಗುರಿ ನೌಕರನನ್ನು ಕೆಲಸದಲ್ಲಿ ನೆಲೆಗೊಳಿಸುತ್ತದೆ, ಎಂತಹ ಗುರಿ ಅವನ ನೆಮ್ಮದಿಯನ್ನು ಕೆಡಿಸುತ್ತದೆ ಎಂಬುದನ್ನು ಮುಂದೆ ಪರಿಶೀಲಿಸಲಾಗಿದೆ.

ಹೊಂದಾಣಿಕೆ ಎಂದರೇನು?

ಹೊಂದಾಣಿಕೆ ಎಂದೊಡನೆ ಅನೇಕರು ತಲೆಬಾಗಿ ನಡೆಯುವುದು, ಹೇಳಿದ್ದಕ್ಕೆಲ್ಲ ಹೂಂಗುಟ್ಟುವುದು ಎಂದು ಭಾವಿಸುತ್ತಾರೆ. ಇದು ಸರಿಯಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ಕುರಿತು ನಡೆದಿರುವ ಅಧ್ಯಯನಗಳು ಹೊಂದಾಣಿಕೆಯ ಮೂರು ಲಕ್ಷಣಗಳನ್ನು ಗುರುತಿಸಿವೆ. ತನ್ನ ಪಾಲಿನ ಕೆಲಸ ಯಾವುದು, ಅದರ ಹೊಣೆ ಎಲ್ಲಿಯವರೆಗೆ ಎಂಬ ತಿಳಿವು ಮೊದಲನೆಯದು. ಈ ಕೆಲಸವನ್ನು ತಾನು ಮಾಡಬಲ್ಲೆನೆಂಬ ವಿಶ್ವಾಸ ಎರಡನೆಯದು. ಜೊತೆಯಲ್ಲಿ ದುಡಿಯುವವರು ತನ್ನನ್ನು ತಮ್ಮವನೆಂದು ಒಪ್ಪಿಕೊಂಡಿದ್ದಾರೆ ಎಂಬ ಭಾವನೆ ಮೂರನೆಯದು.

ಈ ಮೂರರಲ್ಲಿ ಯಾವುದೊಂದು ಇಲ್ಲವಾದರೂ ನೌಕರನಿಗೆ ಕಷ್ಟ. ಕೆಲಸ ತಿಳಿದಿದ್ದು ಜನ ಹತ್ತಿರ ಬಾರದಿದ್ದರೆ ಒಂಟಿತನ ಕಾಡುತ್ತದೆ. ಜನ ಆದರಿಸಿದರೂ ಕೆಲಸ ಬಾರದಿದ್ದರೆ ಅಳುಕು ತಪ್ಪುವುದಿಲ್ಲ. ತನ್ನ ಹೊಣೆ ಯಾವುದೆಂಬುದೇ ತಿಳಿಯದಿದ್ದರೆ ಎಷ್ಟು ದುಡಿದರೂ ತೃಪ್ತಿ ದೊರೆಯದು. ಭಾರತದ ಹೆಸರಾಂತ ಮನೋವಿಜ್ಞಾನಿಗಳಲ್ಲಿ ಒಬ್ಬರಾದ ಉದಯ್ ಪಾರೀಕ್ ಅವರು ಕೆಲಸದಲ್ಲಿ ಮನುಷ್ಯನು ವಹಿಸಬೇಕಾದ ಪಾತ್ರದಿಂದಲೇ ಹುಟ್ಟುವ ಒತ್ತಡವನ್ನು ದೀರ್ಘಕಾಲ ಅಧ್ಯಯನ ಮಾಡಿದರು. ಪಾತ್ರದ ಅಸ್ಪಷ್ಟತೆ, ಒಂದಕ್ಕೊಂದು ವಿರುದ್ಧವಾದ ನಿರೀಕ್ಷೆಗಳು, ಬೆಳೆಯಲು ಅವಕಾಶವಿಲ್ಲದೆ ಒಂದೇ ಪಾತ್ರದಲ್ಲಿ ನಿಂತುಬಿಡುವುದು ಮುಂತಾದವನ್ನು ಅವರು ಬೇರೆಬೇರೆಯಾಗಿ ಗುರುತಿಸಿದರು. ಗುರಿಯ ಪ್ರಶ್ನೆ ಏಳುವುದು ಇಲ್ಲಿಯೇ. ಮುಂದೆ ಎಲ್ಲಿಗೆ ಹೋಗಬೇಕೆಂಬುದು ತಿಳಿದಿರುವವನಿಗೆ ಇಂದಿನ ಕೆಲಸಕ್ಕೂ ಒಂದು ಅರ್ಥ ದೊರೆಯುತ್ತದೆ.

ಕೊಂಡಪಲ್ಲಿ: ಎರಡು ದುಡಿಮೆಗಳ ಊರು

ಈ ವಿಷಯವನ್ನು ಮನಗಾಣಲು ಆಂಧ್ರಪ್ರದೇಶದ ಒಂದು ಊರನ್ನು ನೋಡುವುದು ಉಪಯುಕ್ತ. ವಿಜಯವಾಡದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಇಂದಿನ ಎನ್.ಟಿ.ಆರ್. ಜಿಲ್ಲೆಯಲ್ಲಿ ಕೊಂಡಪಲ್ಲಿ ಇದೆ. ವಿಜಯನಗರದ ಇತಿಹಾಸವನ್ನು ಓದಿದವರಿಗೆ ಈ ಹೆಸರು ಅಪರಿಚಿತವಲ್ಲ. 16ನೆಯ ಶತಮಾನದ ಎರಡನೆಯ ದಶಕದಲ್ಲಿ ಕೃಷ್ಣದೇವರಾಯನು ಕಳಿಂಗದ ಗಜಪತಿಯ ವಿರುದ್ಧ ಕೈಗೊಂಡ ದಂಡಯಾತ್ರೆಯಲ್ಲಿ ವಶಪಡಿಸಿಕೊಂಡ ಕೋಟೆಗಳಲ್ಲಿ ಕೊಂಡಪಲ್ಲಿಯ ಗಿರಿದುರ್ಗವೂ ಒಂದು.

ಇಂದು ಈ ಊರು ಹೆಸರಾಗಿರುವುದು ಮರದ ಗೊಂಬೆಗಳಿಂದ. ನವರಾತ್ರಿಯಲ್ಲಿ ನಾವು ಗೊಂಬೆ ಕೂರಿಸುವಂತೆ ತೆಲುಗರ ಮನೆಗಳಲ್ಲಿ ದಸರೆಯಲ್ಲಿಯೂ ಸಂಕ್ರಾಂತಿಯಲ್ಲಿಯೂ "ಬೊಮ್ಮಲ ಕೊಲುವು" ನಡೆಯುತ್ತದೆ. ಅಂಬಾರಿ ಹೊತ್ತ ಆನೆ, ದಶಾವತಾರ, ಎತ್ತಿನ ಗಾಡಿ, ತಾಳೆಮರ ಹತ್ತುವವನು ಮುಂತಾದ ಕೊಂಡಪಲ್ಲಿಯ ಗೊಂಬೆಗಳು ಅಲ್ಲಿ ಸ್ಥಾನ ಪಡೆಯುತ್ತವೆ. ಈ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ.

ಇದೇ ಊರಿನ ಮಗ್ಗುಲಲ್ಲಿರುವ ಇಬ್ರಾಹಿಂಪಟ್ಟಣದಲ್ಲಿ ಇನ್ನೊಂದು ಬಗೆಯ ದುಡಿಮೆ ನಡೆಯುತ್ತಿದೆ. ಅಲ್ಲಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಮೊದಲ ಘಟಕ 1979ರಲ್ಲಿ ಕಾರ್ಯಾರಂಭ ಮಾಡಿತು. ಇಂದು ಡಾ. ನಾರ್ಲ ತಾತಾರಾವ್ ಅವರ ಹೆಸರನ್ನು ಹೊತ್ತಿರುವ ಈ ಸ್ಥಾವರದಲ್ಲಿ ತಲಾ 210 ಮೆಗಾವಾಟ್‌ನ ಆರು ಘಟಕಗಳಿಗೆ ತರುವಾಯ ಇನ್ನೂ ದೊಡ್ಡ ಘಟಕಗಳು ಸೇರಿವೆ. ಸುತ್ತಮುತ್ತ ಇತರ ಕೈಗಾರಿಕೆಗಳೂ ಬೆಳೆದಿವೆ. ಹೀಗಾಗಿ ಕೊಂಡಪಲ್ಲಿಯಲ್ಲಿ ಬೆಳೆಯುವ ತರುಣನ ಮುಂದೆ ಎರಡು ದಾರಿಗಳಿವೆ: ಮನೆಯ ಜಗಲಿಯಲ್ಲಿ ತಂದೆ ಹಿಡಿದ ಉಳಿ ಒಂದು, ಪಾಳಿಯ ಮೇಲೆ ನಡೆಯುವ ಕಾರ್ಖಾನೆ ಇನ್ನೊಂದು. ಗೊಂಬೆ ಕೆಲಸದ ಕುಟುಂಬಗಳ ಅನೇಕ ಮಕ್ಕಳು ಎರಡನೆಯ ದಾರಿಯನ್ನು ಹಿಡಿದಿದ್ದಾರೆ. ಮರದ ಅಭಾವ, ಅನಿಶ್ಚಿತ ಆದಾಯ ಇವು ಅದಕ್ಕೆ ಕಾರಣಗಳು. ಯಾವ ದಾರಿ ಮೇಲೆಂದು ತೀರ್ಪು ಕೊಡುವುದು ಇಲ್ಲಿಯ ಉದ್ದೇಶವಲ್ಲ. ಯಾವ ದಾರಿಯನ್ನು ಹಿಡಿದರೂ ನೆಲೆ ನಿಲ್ಲಲು ಬೇಕಾಗುವುದೇನು ಎಂಬುದಷ್ಟೇ ನಮ್ಮ ಪ್ರಶ್ನೆ.

ಗೊಂಬೆ ಕಲಿಸುವ ಪಾಠ

ಕೊಂಡಪಲ್ಲಿಯ ಗೊಂಬೆ ಒಂದೇ ಏಟಿಗೆ ಸಿದ್ಧವಾಗುವುದಿಲ್ಲ. ಹತ್ತಿರದ ಗುಡ್ಡಗಳಲ್ಲಿ ಬೆಳೆಯುವ "ತೆಲ್ಲ ಪೊಣಿಕಿ" ಎಂಬ ಹಗುರವಾದ, ಮೆದುವಾದ ಮರವನ್ನು ತಂದು ಒಣಗಿಸುತ್ತಾರೆ. ತುಂಡುಗಳನ್ನು ಸಣ್ಣ ಉರಿಯ ಕಾವಿನಲ್ಲಿಟ್ಟು ತೇವವನ್ನು ಪೂರ್ತಿಯಾಗಿ ಹೋಗಲಾಡಿಸುತ್ತಾರೆ. ಕೈ, ಕಾಲು, ತಲೆ, ಮುಂಡ ಮುಂತಾದ ಭಾಗಗಳನ್ನು ಬಿಡಿಬಿಡಿಯಾಗಿ ಕೆತ್ತಿ, ಹುಣಸೆ ಬೀಜದ ಪುಡಿಗೆ ಮರದ ಹೊಟ್ಟನ್ನು ಸೇರಿಸಿ ಮಾಡಿದ ಅಂಟಿನಿಂದ ಜೋಡಿಸುತ್ತಾರೆ. ಸಂದುಗಳನ್ನು ಅದರಿಂದಲೇ ಮುಚ್ಚಿ, ನಯಗೊಳಿಸಿ, ಸುಣ್ಣದ ಲೇಪ ಕೊಡುತ್ತಾರೆ. ಅದು ಒಣಗಿದ ಮೇಲೆ ಬಣ್ಣ. ಎಲ್ಲಕ್ಕಿಂತ ಕೊನೆಗೆ ಕಣ್ಣು, ಹುಬ್ಬುಗಳ ಸೂಕ್ಷ್ಮ ರೇಖೆ. ಈ ಕೆಲಸದಲ್ಲಿ ಮನೆಮಂದಿಯೆಲ್ಲ ಪಾಲುಗೊಳ್ಳುತ್ತಾರೆ. ಬಣ್ಣದ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು.

ಇಂತಹ ಕೆಲಸವನ್ನು ಕಲಿಯುವವನಿಗೆ ಗುರಿ ಎರಡು ಮಟ್ಟಗಳಲ್ಲಿ ಕಾಣುತ್ತದೆ. ಸಿದ್ಧವಾದ ಅಂಬಾರಿಯ ಆನೆ ಕಣ್ಣೆದುರಿಗೇ ಇದೆ. ಅದು ದೂರದ ಗುರಿ. ಇಂದು ಕೈಯಲ್ಲಿರುವ ಮರದ ತುಂಡಿನಿಂದ ಒಂದು ಕಾಲು ಸರಿಯಾಗಿ ಹೊರಬರಬೇಕು. ಇದು ಹತ್ತಿರದ ಗುರಿ. ತೇವ ಉಳಿದ ಮರದಲ್ಲಿ ಗೊಂಬೆ ಮಾಡಿದರೆ ಅದು ಮುಂದೆ ಬಿರುಕು ಬಿಡುತ್ತದೆ. ಆದ್ದರಿಂದ ಯಾವ ಹಂತವನ್ನೂ ಹಾರಿ ಮುಂದಕ್ಕೆ ಹೋಗುವಂತಿಲ್ಲ. ಮಾಡಿದ ತುಂಡು ಸರಿಯಾಗಿದೆಯೇ ಇಲ್ಲವೇ ಎಂಬುದು ಜೋಡಿಸಿದ ಕೂಡಲೇ ತಿಳಿಯುತ್ತದೆ. ತಿದ್ದುವ ಹಿರಿಯರು ಪಕ್ಕದಲ್ಲಿಯೇ ಇರುತ್ತಾರೆ. ದೂರದ ಗುರಿ, ಹತ್ತಿರದ ಗುರಿ, ತಪ್ಪನ್ನು ತಿಳಿಸುವ ವ್ಯವಸ್ಥೆ, ತಿದ್ದುವ ಹಿರಿಯರು: ಆಧುನಿಕ ಮನೋವಿಜ್ಞಾನವು ಉದ್ಯೋಗದ ಹೊಂದಾಣಿಕೆಗೆ ಅಗತ್ಯವೆಂದು ಹೇಳುವ ನಾಲ್ಕು ಸಂಗತಿಗಳೂ ಈ ಕಸುಬಿನ ಕಲಿಕೆಯಲ್ಲಿ ಸಹಜವಾಗಿ ಕೂಡಿಬಂದಿವೆ. ಕಚೇರಿ, ಕಾರ್ಖಾನೆಗಳಲ್ಲಿ ಇವು ತಾವಾಗಿ ಕೂಡಿಬರುವುದಿಲ್ಲ, ಉದ್ದೇಶಪೂರ್ವಕವಾಗಿ ಕೂಡಿಸಿಕೊಳ್ಳಬೇಕಾಗುತ್ತದೆ.

ಗುರಿಯ ಶಕ್ತಿ

ನಿರ್ದಿಷ್ಟವಾದ ಗುರಿ ಮನುಷ್ಯನ ದುಡಿಮೆಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಅಮೆರಿಕದ ಎಡ್ವಿನ್ ಲಾಕ್ ಎಂಬ ವಿದ್ವಾಂಸರು 1968ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದರು. ಗ್ಯಾರಿ ಲೇಥಮ್ ಎಂಬವರು ಈ ಅಧ್ಯಯನವನ್ನು ಕಾರ್ಯಕ್ಷೇತ್ರಕ್ಕೆ ಕೊಂಡೊಯ್ದರು. ಒಕ್ಲಹೋಮ ಪ್ರಾಂತದಲ್ಲಿ ಕಾಡಿನಿಂದ ದಿಮ್ಮಿಗಳನ್ನು ಸಾಗಿಸುತ್ತಿದ್ದ ಲಾರಿ ಚಾಲಕರನ್ನು ಕುರಿತ ಅವರ ಅಧ್ಯಯನ 1975ರಲ್ಲಿ ಪ್ರಕಟವಾಯಿತು. ಕಾನೂನು ಅನುಮತಿಸಿದ ತೂಕದ ಸುಮಾರು ಶೇಕಡ 60ರಷ್ಟನ್ನು ಮಾತ್ರ ಚಾಲಕರು ಹೇರುತ್ತಿದ್ದರು. "ನಿಮ್ಮಿಂದಾದಷ್ಟು ಹೇರಿ" ಎಂಬ ಮಾತಿನಿಂದ ಪ್ರಯೋಜನವಾಗಿರಲಿಲ್ಲ. ಶೇಕಡ 94 ಎಂಬ ಖಚಿತ ಗುರಿಯನ್ನು ಅವರ ಮುಂದಿಟ್ಟಾಗ ಕೆಲವು ತಿಂಗಳಲ್ಲಿಯೇ ಅವರು ಶೇಕಡ 90ನ್ನು ದಾಟಿದರು. ಇದಕ್ಕಾಗಿ ಹೆಚ್ಚಿನ ಕೂಲಿಯನ್ನಾಗಲಿ ಬಹುಮಾನವನ್ನಾಗಲಿ ಕೊಟ್ಟಿರಲಿಲ್ಲ.

ಗುರಿ ನಾಲ್ಕು ರೀತಿಯಲ್ಲಿ ಕೆಲಸ ಮಾಡುತ್ತದೆ. ಅದು ಗಮನವನ್ನು ಒಂದೆಡೆ ನಿಲ್ಲಿಸುತ್ತದೆ, ಶ್ರಮವನ್ನು ಹೆಚ್ಚಿಸುತ್ತದೆ, ಅಡ್ಡಿ ಬಂದಾಗ ಕೈಚೆಲ್ಲದಂತೆ ತಡೆಯುತ್ತದೆ, ಹೊಸ ಉಪಾಯಗಳನ್ನು ಹುಡುಕಲು ಪ್ರೇರೇಪಿಸುತ್ತದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ ಚಾಲಕರು ತಮ್ಮ ಕೆಲಸವನ್ನು ಬಲ್ಲವರಾಗಿದ್ದರು. ಕೆಲಸವನ್ನೇ ಇನ್ನೂ ಅರಿಯದ ಹೊಸಬನ ಮುಂದೆ "ಇಷ್ಟು ಸಾಧಿಸು" ಎಂಬ ಗುರಿಯನ್ನಿಟ್ಟರೆ ಅದು ಗಾಬರಿಯನ್ನೇ ಹುಟ್ಟಿಸಬಹುದು. ಜಟಿಲವಾದ ಹೊಸ ಕೆಲಸದಲ್ಲಿ "ಇಷ್ಟು ಮಾಡುತ್ತೇನೆ" ಎಂಬ ಗುರಿಗಿಂತ "ಇಷ್ಟನ್ನು ಕಲಿಯುತ್ತೇನೆ" ಎಂಬ ಗುರಿ ಹೆಚ್ಚು ಫಲ ಕೊಡುತ್ತದೆ ಎಂಬುದನ್ನು ಲೇಥಮ್ ಮತ್ತು ಅವರ ಸಹೋದ್ಯೋಗಿಗಳ ಮುಂದಿನ ಪ್ರಯೋಗಗಳು ತೋರಿಸಿಕೊಟ್ಟವು. ಹೊಸ ನೌಕರರಿಗೆ ಸಂಬಂಧಿಸಿದಂತೆ ಇದು ಅತ್ಯಂತ ಮುಖ್ಯವಾದ ತಿಳಿವಳಿಕೆ.

ಇಬ್ಬರು ಶಿಶಿಕ್ಷುಗಳು

ಒಂದು ಕಲ್ಪಿತ ನಿದರ್ಶನದಿಂದ ಇದನ್ನು ಸ್ಪಷ್ಟಪಡಿಸಬಹುದು. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಫಿಟ್ಟರ್ ತರಬೇತಿ ಮುಗಿಸಿದ ಇಬ್ಬರು ತರುಣರು ಒಂದೇ ದಿನ ಒಂದು ವಿದ್ಯುತ್ ಸ್ಥಾವರವನ್ನು ಅಪ್ರೆಂಟಿಸ್‌ಗಳಾಗಿ ಸೇರಿದರೆಂದು ಭಾವಿಸೋಣ. ಅಪ್ರೆಂಟಿಸ್ ಎಂಬುದಕ್ಕೆ ಕನ್ನಡದಲ್ಲಿ ಶಿಶಿಕ್ಷು ಎಂಬ ಪದವಿದೆ. ಕಲಿಯಲು ಬಯಸುವವನು ಎಂಬುದು ಅದರ ಅರ್ಥ.

ಮೊದಲನೆಯವನ ಗುರಿ: "ಇಲ್ಲಿಯೇ ಕಾಯಂ ಆಗಬೇಕು, ಐದು ವರ್ಷದಲ್ಲಿ ಫೋರ್‌ಮನ್ ಆಗಬೇಕು." ಎರಡನೆಯವನ ಗುರಿ: "ಈ ತಿಂಗಳು ನಮ್ಮ ವಿಭಾಗದ ಪಂಪುಗಳನ್ನೆಲ್ಲ ಗುರುತಿಸಲು ಕಲಿಯಬೇಕು. ಮೂರು ತಿಂಗಳಲ್ಲಿ ಬೇರಿಂಗ್ ಬದಲಿಸುವುದನ್ನು ಹಿರಿಯರ ಸಹಾಯವಿಲ್ಲದೆ ಮಾಡಬೇಕು. ವರ್ಷ ಮುಗಿಯುವಷ್ಟರಲ್ಲಿ ನಕ್ಷೆಯನ್ನು ಓದಿ ಅರ್ಥಮಾಡಿಕೊಳ್ಳಬೇಕು, ವೃತ್ತಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು."

ಮೊದಲ ಕೆಲವು ವಾರ ಇಬ್ಬರಿಗೂ ದೊರೆಯುವ ಕೆಲಸ ಒಂದೇ: ಸಾಮಾನು ಹೊರುವುದು, ಉಪಕರಣ ಒರೆಸಿಡುವುದು, ಹಿರಿಯ ಫಿಟ್ಟರ್ ಕೇಳಿದ ಸ್ಪ್ಯಾನರ್ ಎತ್ತಿಕೊಡುವುದು. ಫೋರ್‌ಮನ್ ಆಗಬೇಕೆಂದು ಬಂದವನಿಗೆ ಇದು ಅವಮಾನವಾಗಿ ತೋರುತ್ತದೆ. ತನ್ನ ಗುರಿಗೂ ಇಂದಿನ ಕೆಲಸಕ್ಕೂ ನಡುವೆ ಅವನಿಗೆ ಯಾವ ಮೆಟ್ಟಿಲೂ ಕಾಣುವುದಿಲ್ಲ. ಎರಡನೆಯವನು ಸ್ಪ್ಯಾನರ್ ಎತ್ತಿಕೊಡುವಾಗಲೇ ಯಾವ ನಟ್ಟಿಗೆ ಯಾವ ಅಳತೆ ಎಂಬುದನ್ನು ಗಮನಿಸುತ್ತಾನೆ. ಪ್ರಶ್ನೆ ಕೇಳುತ್ತಾನೆ. ಪ್ರಶ್ನೆ ಕೇಳುವವನನ್ನು ಹಿರಿಯರು ಹತ್ತಿರ ಕರೆಯುತ್ತಾರೆ. ಹೀಗೆ ಅವನ ಗುರಿಯೇ ಅವನಿಗೆ ಕೆಲಸದ ತಿಳಿವನ್ನೂ ವಿಶ್ವಾಸವನ್ನೂ ಜನರ ಸ್ನೇಹವನ್ನೂ ತಂದುಕೊಡುತ್ತದೆ. ಹೊಂದಾಣಿಕೆಯ ಮೂರು ಲಕ್ಷಣಗಳೆಂದು ಮೇಲೆ ಹೇಳಿದುದು ಇವುಗಳನ್ನೇ.

ಇನ್ನೊಂದು ಸಂಗತಿಯನ್ನು ಮರೆಯಬಾರದು. 1961ರ ಶಿಶಿಕ್ಷು ಅಧಿನಿಯಮದ ಪ್ರಕಾರ ತರಬೇತಿ ಮುಗಿಸಿದವರಿಗೆಲ್ಲ ಅದೇ ಸಂಸ್ಥೆಯಲ್ಲಿ ಉದ್ಯೋಗ ದೊರೆತೇ ತೀರಬೇಕೆಂದಿಲ್ಲ. ನೇಮಕದ ನೀತಿಯನ್ನು ಸಂಸ್ಥೆಯೇ ರೂಪಿಸಿಕೊಳ್ಳುತ್ತದೆ. ಆದುದರಿಂದ ಕಾಯಂ ಹುದ್ದೆಯನ್ನೇ ಏಕೈಕ ಗುರಿಯಾಗಿಟ್ಟುಕೊಂಡವನು, ಅದು ದೊರೆಯದಿದ್ದರೆ, ಕಳೆದ ವರ್ಷವೆಲ್ಲ ವ್ಯರ್ಥವಾಯಿತೆಂದು ಕೊರಗುತ್ತಾನೆ. ಕಲಿಕೆಯನ್ನು ಗುರಿಯಾಗಿಸಿಕೊಂಡವನ ಕೈಯಲ್ಲಿ ಕೌಶಲವೂ ರಾಷ್ಟ್ರೀಯ ಶಿಶಿಕ್ಷು ಪ್ರಮಾಣಪತ್ರವೂ ಉಳಿಯುತ್ತವೆ. ಅವು ದೇಶದ ಯಾವ ಮೂಲೆಯಲ್ಲಾದರೂ ಅವನ ನೆರವಿಗೆ ಬರುತ್ತವೆ.

ಹುದ್ದೆಯ ಆಸೆ ತಪ್ಪೆಂದು ಇದರ ಅರ್ಥವಲ್ಲ. ಮೇಲೇರುವ ಹಂಬಲವಿಲ್ಲದಿದ್ದರೆ ಸಂಸ್ಥೆಗಳೂ ಬೆಳೆಯುವುದಿಲ್ಲ. ಆದರೆ ಹುದ್ದೆಯನ್ನು ಕೊಡುವುದು ಇತರರ ಕೈಯಲ್ಲಿದೆ. ಕಲಿಯುವುದು ನಮ್ಮ ಕೈಯಲ್ಲಿದೆ. ದೂರದ ಗುರಿಯಲ್ಲಿ ಹುದ್ದೆಯಿರಲಿ, ಹತ್ತಿರದ ಗುರಿಯಲ್ಲಿ ಕಲಿಕೆಯಿರಲಿ.

ಗುರಿಯೇ ಹೊರೆಯಾದಾಗ

ಎಲ್ಲ ಗುರಿಗಳೂ ನೆಮ್ಮದಿ ತರುವುದಿಲ್ಲ. ನೌಕರನ ಮನಸ್ಸನ್ನು ಕೆಡಿಸುವ ಗುರಿಗಳು ಮುಖ್ಯವಾಗಿ ಮೂರು ಬಗೆಯವು.

ಮೊದಲನೆಯದು ಎರವಲು ಗುರಿ. ತಂದೆಯ ಬಯಕೆ, ನೆರೆಮನೆಯವರ ಮಗನ ಸಂಬಳ, ಮದುವೆ ಮಾರುಕಟ್ಟೆಯ ಬೇಡಿಕೆ ಇವುಗಳಿಂದ ಗೊತ್ತಾದ ಗುರಿಯನ್ನು ಹೊತ್ತವನು ಅದನ್ನು ಮುಟ್ಟಿದರೂ ಸಂತೋಷಪಡುವುದಿಲ್ಲ. ಕೊಂಡಪಲ್ಲಿಯ ಮಗನು ಉಳಿ ಹಿಡಿಯಲಿ, ಕಾರ್ಖಾನೆ ಸೇರಲಿ. ಆಯ್ಕೆ ಅವನದಾಗಿದ್ದರೆ ಮಾತ್ರ ಅದರ ಕಷ್ಟವನ್ನೂ ಅವನು ತನ್ನದೆಂದು ಸಹಿಸುತ್ತಾನೆ.

ಎರಡನೆಯದು ಹೋಲಿಕೆಯ ಗುರಿ. "ನನ್ನ ಜೊತೆ ಸೇರಿದವನಿಗಿಂತ ಮೊದಲು ನನಗೆ ಬಡ್ತಿ ಸಿಗಬೇಕು" ಎಂಬುದನ್ನೇ ಧ್ಯೇಯವಾಗಿಸಿಕೊಂಡವನಿಗೆ ಸಹೋದ್ಯೋಗಿಗಳೆಲ್ಲ ಎದುರಾಳಿಗಳಾಗಿ ಕಾಣುತ್ತಾರೆ. ಹೊಂದಾಣಿಕೆಗೆ ಬೇಕಾದ ಸ್ನೇಹವೇ ಅಲ್ಲಿ ಕಡಿದುಹೋಗುತ್ತದೆ.

ಮೂರನೆಯದು ಕಾಲ ಬದಲಾದರೂ ಬದಲಾಗದ ಗುರಿ. ಇದಕ್ಕೆ ಕರ್ನಾಟಕದಲ್ಲಿಯೇ ಮನಕಲಕುವ ಉದಾಹರಣೆಯಿದೆ. 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯಲ್ಲಿಯೂ, ತರುವಾಯ ತುಮಕೂರಿನ ಘಟಕದಲ್ಲಿಯೂ ಉದ್ಯೋಗ ದೊರೆಯುವುದೆಂದರೆ ಬಾಳಿಗೆ ಭದ್ರತೆ ದೊರೆತಂತೆ ಎಂದು ಎಷ್ಟೋ ಕುಟುಂಬಗಳು ನಂಬಿದ್ದವು. ಕಾಲ ಹಾಗೆಯೇ ಉಳಿಯಲಿಲ್ಲ. ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಇಂತಹ ಸಂದರ್ಭದಲ್ಲಿ "ಈ ಕಾರ್ಖಾನೆಯಲ್ಲಿಯೇ ನಿವೃತ್ತನಾಗಬೇಕು" ಎಂಬ ಗುರಿ ಮುರಿದುಬೀಳುತ್ತದೆ. "ಸೂಕ್ಷ್ಮ ಯಂತ್ರಗಳ ಕೆಲಸದಲ್ಲಿ ನಿಪುಣನಾಗಿರಬೇಕು" ಎಂಬ ಗುರಿಗೆ ಆ ಅಪಾಯ ಕಡಿಮೆ. ನೆರವೇರದ ಗುರಿಯನ್ನು ಕೈಬಿಟ್ಟು ಅರ್ಥಪೂರ್ಣವಾದ ಹೊಸ ಗುರಿಯನ್ನು ಹಿಡಿಯಬಲ್ಲವರ ಮನಃಸ್ವಾಸ್ಥ್ಯ ಉಳಿದವರಿಗಿಂತ ಉತ್ತಮವಾಗಿರುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಬಿಡುವುದನ್ನು ಸೋಲೆಂದು ಎಣಿಸಬೇಕಾಗಿಲ್ಲ.

ಗುರಿಯನ್ನು ಬಿಡದೆ ದಾರಿಯನ್ನು ಮಾತ್ರ ಬದಲಿಸಿದ ನಿದರ್ಶನವೊಂದು ವಿಶಾಖಪಟ್ಟಣದ ಕಡೆಯಿಂದ ಬರುತ್ತದೆ. ಹಿಂದೆ ಆ ಜಿಲ್ಲೆಯಲ್ಲಿದ್ದು 2022ರಿಂದ ಅನಕಾಪಲ್ಲಿ ಜಿಲ್ಲೆಗೆ ಸೇರಿರುವ ಏಟಿಕೊಪ್ಪಾಕ ಗ್ರಾಮದಲ್ಲಿ ಅರಗಿನ ಬಣ್ಣದ ಮರದ ಆಟಿಕೆಗಳನ್ನು ಕಡೆಯುತ್ತಾರೆ. ಅಲ್ಲಿ ಬಳಸುವ ಅಂಕುಡು ಮರವೂ ನಮ್ಮ ಚನ್ನಪಟ್ಟಣದ ಗೊಂಬೆಗಳ ಹಾಲೆ ಮರವೂ ಒಂದೇ ಜಾತಿಯವು. ರಾಸಾಯನಿಕ ಬಣ್ಣಗಳು ಈ ಕಸುಬನ್ನು ಆವರಿಸಿಕೊಂಡಿದ್ದ ಕಾಲದಲ್ಲಿ ಸಿ. ವಿ. ರಾಜು ಅವರು ಬೇರು, ತೊಗಟೆ, ಬೀಜ, ಎಲೆಗಳಿಂದ ಬಣ್ಣ ತೆಗೆಯುವ ವಿದ್ಯೆಯನ್ನು ಪುನಃ ಬಳಕೆಗೆ ತಂದರು. ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಹೊಸದನ್ನು ಕಲಿಯುವ ಗುರಿ ಹಳೆಯ ಕಸುಬನ್ನೇ ಉಳಿಸಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಊರು ಬದಲಾದಾಗ

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ರೈಲ್ವೆಯಲ್ಲಿ, ಸಾರ್ವಜನಿಕ ಉದ್ಯಮಗಳಲ್ಲಿ ದುಡಿಯುವ ಕನ್ನಡಿಗರು ಹೊರ ರಾಜ್ಯಗಳಿಗೆ ಹೋಗಬೇಕಾಗುವುದು ಸಾಮಾನ್ಯ. ವಿಶಾಖಪಟ್ಟಣವನ್ನೇ ತೆಗೆದುಕೊಳ್ಳಬಹುದು. ಬಂದರು, ಹಡಗು ನಿರ್ಮಾಣ ಕಟ್ಟೆ, 1992ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ಉಕ್ಕು ಸ್ಥಾವರ ಮುಂತಾದವುಗಳಿಂದ ಅದು ದೇಶದ ನಾನಾ ಭಾಗಗಳ ಜನ ಕೂಡಿ ದುಡಿಯುವ ನಗರವಾಗಿದೆ. ಧಾರವಾಡದಿಂದಲೋ ಶಿವಮೊಗ್ಗದಿಂದಲೋ ಅಲ್ಲಿಗೆ ಹೋದ ಹೊಸ ನೌಕರನು ಕೆಲಸಕ್ಕೆ ಮಾತ್ರವಲ್ಲದೆ ಊಟ, ಹವೆ, ಭಾಷೆ, ಬಾಡಿಗೆ ಮನೆ ಎಲ್ಲಕ್ಕೂ ಒಮ್ಮೆಗೇ ಹೊಂದಿಕೊಳ್ಳಬೇಕಾಗುತ್ತದೆ. "ಎರಡು ವರ್ಷ ಹೇಗಾದರೂ ಕಳೆದರೆ ವರ್ಗಾವಣೆ ಸಿಕ್ಕೀತು" ಎಂದು ದಿನ ಎಣಿಸುವವನಿಗೆ ಆ ಎರಡು ವರ್ಷ ಬಲು ದೀರ್ಘವಾಗುತ್ತದೆ. "ಈ ಎರಡು ವರ್ಷದಲ್ಲಿ ತೆಲುಗು ಓದಲು, ಮಾತನಾಡಲು ಕಲಿಯುತ್ತೇನೆ, ಇಲಾಖಾ ಪರೀಕ್ಷೆ ಮುಗಿಸುತ್ತೇನೆ" ಎಂದು ಗೊತ್ತುಮಾಡಿಕೊಂಡವನಿಗೆ ಅದೇ ಅವಧಿ ಗಳಿಕೆಯ ಕಾಲವಾಗುತ್ತದೆ. ಕನ್ನಡ ಲಿಪಿ ಬಲ್ಲವನಿಗೆ ತೆಲುಗು ಫಲಕಗಳನ್ನು ಓದಲು ಹೆಚ್ಚು ದಿನ ಬೇಕಾಗುವುದಿಲ್ಲ. ತಮ್ಮ ಮಾತನ್ನಾಡಲು ಪ್ರಯತ್ನಿಸುವ ಪರಸ್ಥಳದವನನ್ನು ಜನ ಬೇಗ ತಮ್ಮವನೆಂದುಕೊಳ್ಳುತ್ತಾರೆ.

ಮಹಿಳೆಯರ ವೃತ್ತಿಗುರಿ

ದುಡಿಯುವ ಮಹಿಳೆಯ ವೃತ್ತಿಜೀವನ ಅನೇಕ ವೇಳೆ ಒಂದೇ ಗೆರೆಯಲ್ಲಿ ಸಾಗುವುದಿಲ್ಲ. ಮದುವೆ, ಹೆರಿಗೆ, ಮಕ್ಕಳ ಪಾಲನೆ, ಹಿರಿಯರ ಆರೈಕೆ ಇವುಗಳಿಂದ ನಡುನಡುವೆ ವಿರಾಮ ಬರುತ್ತದೆ. 2017ರ ತಿದ್ದುಪಡಿಯಿಂದ ಸಂಬಳಸಹಿತ ಹೆರಿಗೆ ರಜೆಯನ್ನು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಲಾಗಿದೆ. ಆದರೆ ರಜೆ ಮುಗಿಸಿ ಮರಳಿದಾಗ ಆಕೆ ಒಂದರ್ಥದಲ್ಲಿ ಮತ್ತೆ ಹೊಸಬಳಾಗುತ್ತಾಳೆ. ಆ ಅವಧಿಯಲ್ಲಿ ನಿಯಮಗಳು, ಯಂತ್ರಗಳು, ಮೇಲಧಿಕಾರಿ ಬದಲಾಗಿರಬಹುದು. ವಿರಾಮಕ್ಕೆ ಮುಂಚಿನ ವೇಗವನ್ನು ಮೊದಲ ವಾರದಲ್ಲಿಯೇ ನಿರೀಕ್ಷಿಸಿ ನಿರಾಶಳಾಗುವುದಕ್ಕಿಂತ, ಮೊದಲ ಮೂರು ತಿಂಗಳಿಗೆ ಕಲಿಕೆಯ ಚಿಕ್ಕ ಗುರಿಗಳನ್ನು ಹಾಕಿಕೊಳ್ಳುವುದು ಒಳ್ಳೆಯದು. ಆಕೆಯ ಗುರಿಯನ್ನು ಕುಟುಂಬವೂ ತನ್ನದೆಂದು ಭಾವಿಸಿ ಮನೆಗೆಲಸದಲ್ಲಿ ಪಾಲು ತೆಗೆದುಕೊಳ್ಳಬೇಕು. ಹಾಗಿಲ್ಲದೆ ಎರಡು ಪಾಳಿಯ ದುಡಿಮೆಯನ್ನು ಒಬ್ಬಳ ಮೇಲೆಯೇ ಹೊರಿಸಿ ಹೊಂದಾಣಿಕೆಯನ್ನು ಬೋಧಿಸುವುದು ನ್ಯಾಯವಲ್ಲ.

ಗುರಿ ಹಾಕಿಕೊಳ್ಳುವ ಕ್ರಮ

ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಕೆಳಗಿನ ಸೂಚನೆಗಳನ್ನು ಅನುಸರಿಸಬಹುದು.

1. ಗುರಿಯನ್ನು ಮನಸ್ಸಿನಲ್ಲಿಯೇ ಇಟ್ಟುಕೊಳ್ಳದೆ ಒಂದು ಪುಸ್ತಕದಲ್ಲಿ ಬರೆಯಿರಿ. ಐದು ವರ್ಷದ ಗುರಿಗೆ ಒಂದು ಸಾಲು ಸಾಕು. ಈ ತಿಂಗಳ ಗುರಿಯನ್ನು ವಿವರವಾಗಿ ಬರೆಯಬೇಕು.

2. "ಚೆನ್ನಾಗಿ ಕೆಲಸ ಮಾಡುತ್ತೇನೆ" ಎಂಬುದು ಗುರಿಯಲ್ಲ, ಸದಾಶಯ. "ಈ ತಿಂಗಳ ಕೊನೆಗೆ ನಗದು ಪುಸ್ತಕವನ್ನು ತಪ್ಪಿಲ್ಲದೆ ಬರೆಯಲು ಕಲಿಯುತ್ತೇನೆ" ಎಂಬುದು ಗುರಿ. ಮುಟ್ಟಿದೆವೋ ಇಲ್ಲವೋ ಎಂದು ಅಳೆಯಲು ಬರುವಂತಿರಬೇಕು.

3. ಗುರಿಗೆ ಅಡ್ಡಬರಬಹುದಾದುದನ್ನು ಮೊದಲೇ ಊಹಿಸಿ, ಆಗ ಏನು ಮಾಡುವಿರೆಂಬುದನ್ನೂ ಗೊತ್ತುಮಾಡಿಕೊಳ್ಳಿ. "ರಾತ್ರಿ ಪಾಳಿ ಬಂದ ವಾರ ಓದನ್ನು ಮಧ್ಯಾಹ್ನಕ್ಕೆ ಬದಲಿಸುತ್ತೇನೆ" ಎಂಬಂತಹ ನಿರ್ಧಾರ ಗುರಿಯನ್ನು ಕಾಪಾಡುತ್ತದೆ.

4. ಅನುಭವಿಯಾದ ಒಬ್ಬ ಹಿರಿಯ ಸಹೋದ್ಯೋಗಿಗೆ ನಿಮ್ಮ ಗುರಿಯನ್ನು ತಿಳಿಸಿ, ನಿಮ್ಮ ಕೆಲಸದಲ್ಲಿನ ತಪ್ಪುಗಳನ್ನು ಹೇಳುವಂತೆ ಕೇಳಿಕೊಳ್ಳಿ.

5. ಮೂರು ತಿಂಗಳಿಗೊಮ್ಮೆ ಪುಸ್ತಕವನ್ನು ತೆರೆದು ನೋಡಿ. ಮುಟ್ಟಿದ್ದನ್ನು ಗುರುತು ಮಾಡಿ. ಮುಟ್ಟದಿದ್ದುದಕ್ಕೆ ಕಾರಣ ಬರೆಯಿರಿ. ಅಗತ್ಯವಿದ್ದರೆ ಗುರಿಯನ್ನು ಬದಲಿಸಿ.

6. ಆರೋಗ್ಯ, ನಿದ್ರೆ, ಮನೆಯವರೊಡನೆ ಕಳೆಯುವ ಹೊತ್ತು ಇವುಗಳನ್ನು ಬಲಿಕೊಡುವ ಗುರಿ ಬಹುಕಾಲ ನಿಲ್ಲದು.

ಸಂಸ್ಥೆಯ ಹೊಣೆ

ಹೊಂದಾಣಿಕೆಯ ಭಾರವನ್ನೆಲ್ಲ ನೌಕರನ ಮೇಲೆ ಹೊರಿಸಲಾಗದು. ಕೆಲಸದ ನಿಜಸ್ಥಿತಿಯನ್ನು, ಅದರ ಕಷ್ಟಗಳನ್ನೂ ಸೇರಿಸಿ, ನೇಮಕಕ್ಕೆ ಮೊದಲೇ ತಿಳಿಸುವುದು ಸಂಸ್ಥೆಯ ಕರ್ತವ್ಯ. ಸತ್ಯವನ್ನು ಮೊದಲೇ ಅರಿತು ಬಂದವರು ಕೆಲಸ ಬಿಡುವ ಸಂಭವ ಕಡಿಮೆ. ಪ್ರೊಬೇಷನ್ ಅವಧಿಯನ್ನು ತಪ್ಪು ಹುಡುಕುವ ಕಾಲವೆಂದು ತಿಳಿಯದೆ ಕಲಿಸುವ ಕಾಲವೆಂದು ತಿಳಿಯಬೇಕು. ಮೇಲಧಿಕಾರಿಯು ಹೊಸಬನೊಡನೆ ಕುಳಿತು ಆತನ ಗುರಿಯನ್ನು ಕೇಳಬೇಕು. ಆ ಗುರಿಗೂ ಸಂಸ್ಥೆಯ ಅಗತ್ಯಕ್ಕೂ ಎಲ್ಲಿ ಮೇಳವಿದೆ ಎಂಬುದನ್ನು ತೋರಿಸಿಕೊಡಬೇಕು. ಬಡ್ತಿಯ ನಿಯಮಗಳು ಸ್ಪಷ್ಟವಾಗಿಯೂ ನ್ಯಾಯಯುತವಾಗಿಯೂ ಇಲ್ಲದಿದ್ದರೆ ಯಾವ ಗುರಿಯೂ ನೌಕರನನ್ನು ಹಿಡಿದು ನಿಲ್ಲಿಸಲಾರದು. ಸುರಕ್ಷತೆಯಿಲ್ಲದ ಕೆಲಸ, ಕಾಲಕ್ಕೆ ಬಾರದ ಸಂಬಳ, ಅವಮಾನ ಇವುಗಳಿಗೆ ಹೊಂದಿಕೊಳ್ಳಬೇಕೆಂದು ಯಾರೂ ಯಾರನ್ನೂ ಕೇಳುವಂತಿಲ್ಲ. ಅವನ್ನು ಸರಿಪಡಿಸುವುದೇ ಉಪಾಯ.

ದೊರೆಯುವ ನೆರವು

ಗುರಿಯನ್ನು ನಿರ್ಧರಿಸಲು ಮತ್ತು ಸಾಧಿಸಲು ಸರ್ಕಾರದ ಕೆಲವು ಯೋಜನೆಗಳು ನೆರವಾಗುತ್ತವೆ. ಕೇಂದ್ರ ಕಾರ್ಮಿಕ ಸಚಿವಾಲಯವು 2015ರಲ್ಲಿ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವೆಯ ಮೂಲಕ ಉದ್ಯೋಗ ಮಾಹಿತಿಯನ್ನೂ ವೃತ್ತಿ ಸಲಹೆಯನ್ನೂ ಪಡೆಯಬಹುದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಶಿಶಿಕ್ಷು ಉತ್ತೇಜನ ಯೋಜನೆಯಲ್ಲಿ ತರಬೇತಿ ಭತ್ಯೆಯ ಒಂದು ಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ.

ಸಾಂಪ್ರದಾಯಿಕ ಕಸುಬಿನಲ್ಲಿಯೇ ಮುಂದುವರಿಯಬಯಸುವವರಿಗಾಗಿ 2023ರ ಸೆಪ್ಟೆಂಬರ್ 17ರಂದು ಪಿ.ಎಂ. ವಿಶ್ವಕರ್ಮ ಯೋಜನೆಯನ್ನು ಜಾರಿಗೆ ತರಲಾಯಿತು. ಅದರ 18 ಕಸುಬುಗಳಲ್ಲಿ ಗೊಂಬೆ ಹಾಗೂ ಆಟಿಕೆಗಳ ತಯಾರಿಕೆಯೂ ಸೇರಿದೆ. ತರಬೇತಿಯ ದಿನಗಳಿಗೆ ದಿನವೊಂದಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗಾಗಿ 15,000 ರೂಪಾಯಿಯವರೆಗೆ ನೆರವು, ಶೇಕಡ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅನಂತರ 2 ಲಕ್ಷ ರೂಪಾಯಿಯವರೆಗೆ ಸಾಲ ಈ ಯೋಜನೆಯಲ್ಲಿ ದೊರೆಯುತ್ತವೆ. ಕೊಂಡಪಲ್ಲಿಯ ಕುಶಲಕರ್ಮಿಗೂ ಚನ್ನಪಟ್ಟಣದ ಕುಶಲಕರ್ಮಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ.

ಕೆಲಸದ ಚಿಂತೆಯಿಂದ ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಯಾವುದರಲ್ಲಿಯೂ ಆಸಕ್ತಿ ಉಳಿಯದಿರುವುದು ವಾರಗಟ್ಟಲೆ ಮುಂದುವರಿದರೆ ಅದನ್ನು ಅಲಕ್ಷಿಸಬಾರದು. 14416 ಸಂಖ್ಯೆಯ ಟೆಲಿ ಮಾನಸ್ ಸೇವೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು.

ಕೊನೆಯ ಮಾತು

ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಕರೆದು ಅದಕ್ಕೆ ಘನತೆಯನ್ನು ತಂದುಕೊಟ್ಟರು. ಯಾವ ಕೆಲಸವೂ ಕೀಳಲ್ಲವೆಂಬ ಅವರ ನಿಲುವಿಗೂ ಮುಂದೆ ಸಾಗಬೇಕೆಂಬ ಗುರಿಗೂ ವಿರೋಧವಿಲ್ಲ. ಇಂದಿನ ಕೆಲಸವನ್ನು ಗೌರವದಿಂದ ಕಲಿಯುವವನೇ ನಾಳೆಯ ಕೆಲಸಕ್ಕೆ ಅರ್ಹನಾಗುತ್ತಾನೆ.

ಮಗನೋ ಮಗಳೋ ಮೊದಲ ಕೆಲಸದಿಂದ ಮನೆಗೆ ಬಂದಾಗ "ಸಂಬಳ ಎಷ್ಟು, ಬಡ್ತಿ ಯಾವಾಗ?" ಎಂದು ಕೇಳುವ ಮುನ್ನ "ಈ ವಾರ ಏನು ಕಲಿತೆ?" ಎಂದು ಕೇಳುವ ರೂಢಿಯನ್ನು ತಂದೆತಾಯಿಗಳು ಬೆಳೆಸಿಕೊಂಡರೆ ಅರ್ಧ ದಾರಿ ಸಾಗಿದಂತೆಯೇ ಸರಿ. ಕೊಂಡಪಲ್ಲಿಯ ಕುಶಲಕರ್ಮಿಯು ಗೊಂಬೆಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಮೊದಲು ಮರ ಒಣಗಬೇಕು, ಕೈಕಾಲು ಕೂಡಬೇಕು, ಸುಣ್ಣ ಆರಬೇಕು. ವೃತ್ತಿಜೀವನದಲ್ಲಿಯೂ ಈ ಕ್ರಮವನ್ನು ಅರಿತು, ಒಂದೊಂದು ಹಂತಕ್ಕೂ ತಕ್ಕ ಗುರಿಯನ್ನಿಟ್ಟುಕೊಂಡು ನಡೆಯುವವರಿಗೆ ದುಡಿಮೆ ಹೊರೆಯಾಗುವುದಿಲ್ಲ.